ಎರಡು ಡಬ್ಬಿ, ಒಂದು ಡ್ರಮ್ಮು

ಎರಡೂ ಡಬ್ಬಿಗಳು ಅಂಗೈಯಗಲ ಇದ್ದವು. ಒಂದು ಕೆಂಪು, ಒಂದು ಹಳದಿ. ಮುರುಮ ಊರಿನ ಬಟ್ಟೆ ವ್ಯಾಪಾರಿ ವೈಜನಾಥನ ಹೆಂಡತಿ ಶಿವಕಾಂತಾ ಅವನ್ನು ಮುಂದಿಟ್ಟುಕೊಂಡು, ಒಬ್ಬಳೇ ಮಗಳಿಗೆ ಒಂದೇ ದಿನ ಎರಡು ಗಂಡು ಬಂದ ತಾಯಿಯ ಹಾಗೆ ಕೂತಿದ್ದಳು.

ಡಬ್ಬಿ ಕೊಟ್ಟುಹೋದವನು ಉಮರ್ಗಾದ ಬ್ಯಾಂಡಿನ ದಿಗಂಬರ. ಎರಡು ವರ್ಷದಿಂದ ಮಳೆಯಿಲ್ಲ; ಮದುವೆಗಳು ಅಂಗಳದಲ್ಲೇ ಸದ್ದಿಲ್ಲದೆ ಮುಗಿಯುತ್ತಿದ್ದವು. ಹೋದ ವರ್ಷ ಅವನ ಎಲೆಕ್ಟ್ರಿಕ್ ಗಿಟಾರು ಶಿವಕಾಂತಾಳ ಮನೆ ಸೇರಿತ್ತು. ಈಗ ಡಬ್ಬಿಗಳ ಸರದಿ.

“ಅಕ್ಕಾ, ಕೆಂಪಂದು ಫಜ್, ಹಳದೀದು ಡಿಸ್ಟಾರ್ಶನ್. ಗಿಟಾರಿಗೂ ಸ್ಪೀಕರಿಗೂ ನಡುವ ಸಿಕ್ಕಸಿದ್ರ ಆವಾಜ್ ಒರಟಾಗಿ ಗುಂಯ್ ಅಂತದ. ಒಂದು ನೀ ಇಟ್ಕೊ. ಇನ್ನೊಂದಕ್ಕ ಉದಗೀರದಾಗ ಗಿರಾಕಿ ಹಾನ. ನಾಕರ ಬಸ್ಸಿಗಿ ಸ್ಟ್ಯಾಂಡಿಗಿ ಬಂದು ಯಾವ್ದು ಅಂತ ಹೇಳು.”

“ಬದಲಿಗಿ ಏನ್ ಕೊಡ್ಲೋ?”

ದಿಗಂಬರ ಅಂಗಳದ ನೀಲಿ ಡ್ರಮ್ಮಿನತ್ತ ಗದ್ದ ಎತ್ತಿದ. “ಅದು. ನಾಳಿ ನಮ್ಮ ಟೆಂಪೋ ಬಂದು ಒಯ್ತದ.”

ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುವ ಊರಲ್ಲಿ ದೊಡ್ಡ ಡ್ರಮ್ಮೆಂದರೆ ಹೊಲವಿದ್ದ ಹಾಗೆ. ಶಿವಕಾಂತಾ ಬೇಡ ಅನ್ನಬೇಕಿತ್ತು. ಆದರೆ ಯೆಣೆಗೂರದಲ್ಲಿ ಹುಡುಗಿಯಾಗಿದ್ದಾಗ, ಒಂದು ಸಂಜೆ ಜೋಳದ ಹೊಲದ ಆಚೆಯಿಂದ ಯಾರದೋ ಮೆರವಣಿಗೆಯ ಗಿಟಾರು ಕೇಳಿಬಂದಿತ್ತು. ಅದು ಸ್ವರದ ಹಾಗಿರಲಿಲ್ಲ. ಸ್ವರಕ್ಕೆ ಜೇನು ಮುತ್ತಿದ ಹಾಗಿತ್ತು. ಮದುವೆ, ಬಾಣಂತನ, ಅತ್ತೆಯ ಔಷಧಿ, ಸೋಮವಾರದ ಭಜನೆ, ಎಲ್ಲದರ ಕೆಳಗೆ ಆ ಜೇನು ಮೂವತ್ತು ವರ್ಷ ಗುಂಯ್‌ಗುಡುತ್ತಲೇ ಇತ್ತು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಕಿವಿಗೆ ಎಣ್ಣೆ ಬಿಟ್ಟುಕೋ ಅನ್ನುತ್ತಾರೆ.

ಡ್ರಮ್ಮಿನ ತಳದಲ್ಲಿದ್ದ ಎರಡು ಕೊಡ ನೀರನ್ನು ಪಾತ್ರೆಗಳಿಗೆ ಹಂಚಿ, ಖಾಲಿ ಡ್ರಮ್ಮನ್ನು ಬಾಗಿಲ ಪಕ್ಕ ಬೋರಲು ಹಾಕಿದಳು. ಗಂಡನಿಗೆ ನಾಳೆ ಹೇಳಿದರಾಯಿತು.

ಹನ್ನೊಂದಕ್ಕೆ ಕರೆಂಟು ಬಂತು. ಭಜನೆಯ ಸ್ಪೀಕರು ಇವಳ ಮನೆಯಲ್ಲೇ ಇರುತ್ತಿತ್ತು. ಹೋದ ವಾರ ಪಕ್ಕದ ಮನೆಯ ರಂಭಾಬಾಯಿಯ ತಾಮ್ರದ ಕೊಡ ಅದರ ಮೇಲೆ ಉರುಳಿಬಿದ್ದಿತ್ತು. ಕೊಡ ನೆಗ್ಗಿತೆಂದು ರಂಭಾಬಾಯಿ ಅತ್ತಿದ್ದಳು. ಸ್ಪೀಕರನ್ನು ಯಾರೂ ವಿಚಾರಿಸಿರಲಿಲ್ಲ.

ಶಿವಕಾಂತಾ ಕೆಂಪು ಡಬ್ಬಿ ಸಿಕ್ಕಿಸಿ ಗುಂಡಿ ಒತ್ತಿದಳು. ಶಬ್ದವೇ ಇಲ್ಲ. ಮತ್ತೆ ಒತ್ತಿದಳು, ಶಬ್ದ ಬಂತು. ಹಾಗೇ ಇರಲೆಂದು ಬಿಟ್ಟು ತಂತಿ ಮೀಟಿದಳು.

ಗರ್ರ್‌ರ್‌ರ್...

ಜೋಳದ ಹೊಲ ಎದ್ದು ಬಂತು. ಸಂಜೆಯ ಬಿಸಿಲು, ತೆನೆ, ಲಂಗಕ್ಕೆ ಅಂಟಿದ ಹುಲ್ಲು. ಶಿವಕಾಂತಾ ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಹನ್ನೊಂದು ಕೊಡಗಳು ಸಾಲಾಗಿದ್ದವು.

“ಟ್ಯಾಂಕರ್ ಎಲ್ಲದ?” ರಂಭಾಬಾಯಿ ಏದುಸಿರು ಬಿಡುತ್ತಿದ್ದಳು. “ಗೇರ್ ಹಾಕಿ ತಿರುಗಿದ್ದು ನನ್ನ ಕಿವೀಲೆ ಕೇಳೀನಿ!”

“ಟ್ಯಾಂಕರ್ ಅಲ್ಲ ಮಾವಶಿ, ಇದು ಫಜ್.”

“ಅದರಾಗ ನೀರು ಬರ್ತದೇನು?”

ಬರುವುದಿಲ್ಲವೆಂದು ತಿಳಿದ ಮೇಲೂ ಯಾರೂ ಹೋಗಲಿಲ್ಲ. ಸಾಲಿನ ಜಾಗ ಬಿಟ್ಟುಕೊಡುವ ರೂಢಿ ಆ ಗಲ್ಲಿಯಲ್ಲಿರಲಿಲ್ಲ. ಕೊಡಗಳನ್ನು ಬೋರಲು ಹಾಕಿ ಅವುಗಳ ಮೇಲೇ ಕೂತರು. ಶಿವಕಾಂತಾ ಹಳದಿ ಡಬ್ಬಿ ಸಿಕ್ಕಿಸಿದಳು; ಇದೂ ಗುಂಡಿ ಒತ್ತಿದರೆ ಸತ್ತಿತು, ಮತ್ತೆ ಒತ್ತಿದರೆ ಬದುಕಿತು.

“ಅವ್ವಯ್ಯ, ಇದು ಬೋರ್ ಹೊಡಿಯೋ ಗಾಡಿ! ಕೆಂಪಂದೇ ಛಲೋ, ಮೆತ್ತಗ ಅದ,” ಅಂದಳು ರಂಭಾಬಾಯಿ.

“ಹಳದೀದಕ್ಕ ಗತ್ತು ಅದ,” ಅಂದಳು ಎದುರು ಮನೆಯ ಸುಗಂಧಾ. “ಕೆಂಪಂದು ನೆಗಡಿ ಬಂದಂಗ ಅದ.”

ಹನ್ನೊಂದು ಕೊಡಗಳು ಎರಡು ಪಕ್ಷವಾದವು. ಕೆಂಪು ಅಂದರೆ ಕೆಂಪು, ಹಳದಿ ಅಂದರೆ ಹಳದಿ ಬಾರಿಸಿ ಬಾರಿಸಿ ಶಿವಕಾಂತಾಳ ಬೆರಳು ಬಾತವು. ಅವಳಿಗೂ ವ್ಯತ್ಯಾಸ ಹಗಲಿನಷ್ಟು ಸ್ಪಷ್ಟವಾಗಿತ್ತು. ಕೆಂಪಿನಲ್ಲಿ ಜೇನು ಹತ್ತಿರ, ಹಳದಿಯಲ್ಲಿ ದೂರ.

ಗಲ್ಲಿಯ ತುದಿಯಲ್ಲಿ ಮೋಟಾರು, ರೇಡಿಯೋ ರಿಪೇರಿ ಮಾಡುವ ಕಾಶೆಪ್ಪ ಕಿವಿಯಲ್ಲಿ ಬೆರಳಿಟ್ಟುಕೊಂಡು ಬಂದ. “ವೈನಿ, ಆ ಸ್ಪೀಕರ್...”

“ಸುಮ್ಮಕಿರೋ! ಇಲ್ಲಿ ಫಜ್ಜಿನ ಮಾತು ನಡದದ,” ಎಂದು ರಂಭಾಬಾಯಿ ಅವನನ್ನು ಓಡಿಸಿದಳು.

ನಾಲ್ಕಕ್ಕೆ ಶಿವಕಾಂತಾ ಎರಡೂ ಡಬ್ಬಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಸ್ಟ್ಯಾಂಡಿಗೆ ನಡೆದಳು. ಉದಗೀರದ ಬಸ್ಸು ಗುರುಗುಡುತ್ತ ನಿಂತಿತ್ತು.

“ಕೆಂಪಂದು,” ಅಂದಳು, ಮದುವೆ ಗೊತ್ತುಮಾಡಿದವಳ ಹಾಗೆ.

ದಿಗಂಬರ ನಾಲಿಗೆ ಕಚ್ಚಿಕೊಂಡು ಕಿಸೆಯಿಂದ ಎರಡು ಚೌಕ ಸೆಲ್ ತೆಗೆದ. “ಅಯ್ಯ ಅಕ್ಕಾ, ಸೆಲ್ ನನ್ನ ಹಂತೇಕೇ ಉಳದಾವ! ಇವಿಲ್ದ ಡಬ್ಬಿ ಏನೂ ಮಾಡಂಗಿಲ್ಲ. ಗುಂಡಿ ಒತ್ತಿದ್ರ ಸಾಯ್ತದ, ಇಲ್ಲಂದ್ರ ಆವಾಜ್ ಹೆಂಗ ಬರ್ತದೋ ಹಂಗೇ ದಾಟಿಸ್ತದ. ನೀ ಏನ್ ಕೇಳಿ ಆರಸಿದಿ?”

ಶಿವಕಾಂತಾ ಬಸ್ಸಿನ ಧೂಳಿನಲ್ಲಿ ನಿಂತು ಯೋಚಿಸಿದಳು. ಡಬ್ಬಿ ಏನೂ ಮಾಡಿಲ್ಲವೆಂದರೆ ಆ ಜೇನು? ತಾಮ್ರದ ಕೊಡ ಉರುಳಿದ್ದು ನೆನಪಾಯಿತು. ಸ್ಪೀಕರಿನ ಪರದೆ ಹರಿದಿದೆ! ಮೂವತ್ತು ವರ್ಷ ಹುಡುಕಿದ್ದನ್ನು ರಂಭಾಬಾಯಿಯ ಕೊಡ ಪುಕ್ಕಟೆ ಕೊಟ್ಟುಹೋಗಿತ್ತು.

“ಎರಡೂ ನೀನೇ ಒಯ್ಯೋ ತಮ್ಮಾ. ನನಗ ಬ್ಯಾಡ.”

ಡ್ರಮ್ಮೂ ಉಳಿಯಿತು, ಜೇನೂ ಉಳಿಯಿತು. ನೆಲಕ್ಕೆ ಕಾಲು ತಾಗದವಳ ಹಾಗೆ ಮನೆಗೆ ಬಂದು, ಕೈಕಾಲು ತೊಳೆಯದೆ ಗಿಟಾರು ಎತ್ತಿ ಮೀಟಿದಳು.

ಟಿಂಗ್.

ಬೆಳ್ಳಿ ಬಟ್ಟಲಿಗೆ ಚಮಚ ತಾಗಿದಂಥ ಶುದ್ಧ ಸ್ವರ. ಒಂದು ಜೇನೂ ಇಲ್ಲ.

ವೈಜನಾಥ ನಗುತ್ತ ಒಳಗಿನಿಂದ ಬಂದ. ಊಟಕ್ಕೂ ನಿಧಾನವಾಗಿ ಬರುವ ಮನುಷ್ಯ ಇವತ್ತು ಅಂಗಡಿಯಿಂದ ಬೇಗ ಬಂದಿದ್ದ. “ಹೆಂಗದ? ಸ್ಪೀಕರ್ ಹರದದ ಅಂತ ಕಾಶೆಪ್ಪ ಅಂಗಡೀಗಿ ಬಂದು ಹೇಳ್ದ. ಅವಗೇ ಕರದು ಹೊಸಾ ಪರದಾ ಹಾಕಸ್ದೆ. ನಿನ್ನ ಹವ್ಯಾಸಕ್ಕ ನಾ ಎಂದೂ ಏನೂ ಮಾಡಿಲ್ಲಂತ ನೀ ಅಂತಿದ್ದೆಲ್ಲ?”

ಅವನ ಮುಖ ನೋಡಿ ಅವಳಿಗೆ ಅಳಲೂ ಆಗಲಿಲ್ಲ. “ಛಲೋ ಆತು,” ಅಂದಳು ಮೆಲ್ಲಗೆ.

“ಕಾಶೆಪ್ಪ ರೊಕ್ಕ ಬ್ಯಾಡಂದ. ಬಾಗಲದಾಗ ಡ್ರಮ್ ಬೋರಲು ಬಿದ್ದಿತ್ತು. ಸೋರ್ತದೇನೋ, ಅದಕ್ಕೇ ಒಗದೀ ಅಂತ ಕೊಟ್ಟಬಿಟ್ಟೆ.”

ಅಷ್ಟರಲ್ಲಿ ಗಲ್ಲಿಯ ತಿರುವಿನಲ್ಲಿ ಗೇರು ಬದಲಾಯಿತು. ಗರ್ರ್‌ರ್‌ರ್... ಹತ್ತಿರವಾದ ಜೇನು, ಜೋಳದ ಹೊಲ, ಸಂಜೆ. ನಿಜವಾದ ಟ್ಯಾಂಕರ್ ಬಂದು ನಿಂತಿತು. ಗಲ್ಲಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಶಿವಕಾಂತಾ ಕೈಗೆ ಸಿಕ್ಕ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ ಕೇಳಿದಳು.

ಗೋಡೆಯ ಆಚೆಯಿಂದ ರಂಭಾಬಾಯಿ ಕೂಗಿದಳು:

“ಶಿವಕಾಂತಾ, ಇದೇ ನೋಡು, ಇದೇ! ಇದನ್ನೇ ಇಟ್ಕೊ!”