ದೆವ್ವದ ಪಾತ್ರಕ್ಕೆ ಕನ್ನಡದ ಮುದುಕಿ

ಹೊಟ್ಟೆಕಿಚ್ಚು ಕೆಟ್ಟದ್ದು ಎನ್ನುವವರೆಲ್ಲ ಹೊಟ್ಟೆ ತುಂಬಿದವರು. ನನಗಂತೂ ಮುಪ್ಪಿನಲ್ಲಿ ಅದು ಒಳ್ಳೆಯ ಸಂಗಾತಿ. ಮೊಣಕಾಲು ನೋವನ್ನು ಮರೆಸುತ್ತದೆ. ಮುಂಬಯಿ ಕಡೆಯ ಘೋಡಬಂದರ್ ರಸ್ತೆಯ ಎಷ್ಟೋ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು ನಾನು. ಅಲ್ಲಿ ಈಗ ಇರುವವರನ್ನು ಕಂಡು ಒಂದು ದಿನವೂ ಉರಿದುಕೊಂಡಿಲ್ಲ. ಆದರೆ ಶಹಾಡಿನ ನಮ್ಮ ಬಿಲ್ಡಿಂಗಿನಲ್ಲಿ ಎದುರುಮನೆಯ ವನಜಕ್ಕನ ಬಿಳಿ ಕೂದಲು ಕಂಡರೆ ಈಗಲೂ ಎದೆಯಲ್ಲಿ ಒಲೆ ಹತ್ತುತ್ತದೆ.

ಇದಕ್ಕೆ ಮೂಲ ಒಂದು ಜಪಾನಿ ಸಿನೆಮಾ. ಕಾಲೇಜಿಗೆ ಹೋಗುವ ಮೊಮ್ಮಗಳು ಸ್ವಾತಿ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಕಪಾಟಿನ ಬಾಗಿಲು ತೆರೆದರೆ ಒಳಗೆ ಸಮುದ್ರ. ಅದರಿಂದ ಮುದುಕಿಯೊಬ್ಬಳು ಎದ್ದು ಬಂದು ಹುಡುಗಿಯರನ್ನು ಒಬ್ಬೊಬ್ಬರಾಗಿ ನುಂಗುತ್ತಾಳೆ. ಅವರ ಚಪ್ಪಲಿಗಳು ಮಾತ್ರ ಹಕ್ಕಿಗಳಂತೆ ಹಾರಿಹೋಗುತ್ತವೆ. "ಯಾಕ ನುಂಗ್ತಾಳವ್ವ?" ಎಂದೆ. "ಅಜ್ಜಿ, ಇಸ್ ಮೇ ರೀಸನ್ ನಹೀಂ ಹೋತಾ," ಎಂದಳು. ಕಾರಣವಿಲ್ಲದೆ ಯಾರು ನುಂಗುತ್ತಾರೆ? ಸ್ವಾತಿಯ ತಕರಾರು ಬೇರೆ. ಅದರಲ್ಲಿ ಎಲ್ಲರೂ ಒಂದೇ ತರಹದವರಂತೆ. ಅವಳೂ ಗೆಳತಿಯರೂ ಕಾಲೇಜಿಗಾಗಿ ಅಂಥದೇ ಚಿಕ್ಕ ಸಿನೆಮಾ ತೆಗೆಯುವವರಿದ್ದರು. ಅದರಲ್ಲಿ ಎಲ್ಲ ಜನಕ್ಕೂ ಜಾಗ. ನುಂಗಿಸಿಕೊಳ್ಳಲು ಒಬ್ಬಳು ಮರಾಠಿ, ಒಬ್ಬಳು ಗುಜರಾತಿ, ಒಬ್ಬಳು ಭಿವಂಡಿಯ ಮುಸಲ್ಮಾನರ ಹುಡುಗಿ. ನುಂಗುವ ಮುದುಕಿ ಕನ್ನಡದವಳು.

ಕನ್ನಡದ ಮುದುಕಿ ಮನೆಯಲ್ಲೇ ಇದ್ದೇನಲ್ಲ! ಯಾರಿಗೂ ಹೇಳದೆ ಕಪ್ಪು ಬಣ್ಣದ ಪುಡಿ ತಂದು ತಲೆಗೆ ಬಳಿದುಕೊಂಡೆ. ಪರದೆಯ ಮೇಲೆ ಚೆನ್ನಾಗಿ ಕಾಣಬೇಡವೇ? ಸಂಜೆ ಸ್ವಾತಿ ಬಂದವಳೇ ತಲೆ ಹಿಡಿದುಕೊಂಡು ಕುಳಿತಳು. "ಅಜ್ಜಿ, ಯೇ ಕ್ಯಾ ಕಿಯಾ! ದೆವ್ವಕ್ಕೆ ಸಫೇದ್ ಕೂದಲ್ ಚಾಹಿಯೇ ಥಾ!" "ಯಾಕ, ದೆವ್ವ ಬಣ್ಣ ಹಚ್ಕೋಬಾರ್ದೇನ?" ಎಂದೆ. ಪಾತ್ರ ವನಜಕ್ಕನಿಗೆ ಹೋಯಿತು. ಉಡುಪಿ ಕಡೆಯವರು, ಗಂಡನದು ಹೋಟೆಲು, ಸೊಂಟದವರೆಗೆ ಬೆಳ್ಳಿಯಂಥ ಕೂದಲು. "ನನಗೆಂತಕ್ಕೆ ಮಾರಾಯ್ತಿ ಇದೆಲ್ಲ," ಎನ್ನುತ್ತಲೇ ಬಾಚಿಕೊಂಡರು. ಎರಡು ದಿನ ನಾನು ಆ ಕಡೆ ಮುಖ ಹಾಕಲಿಲ್ಲ. ಬಾಗಿಲ ಸಂದಿಯಿಂದ ನೋಡಿದ್ದು ಬೇರೆ ಮಾತು.

ಚಿತ್ರ ತೆಗೆಯುವ ದಿನ ಎದುರುಮನೆಯಲ್ಲಿ ಗಲಾಟೆ. ನುಂಗುವಾಗ ಬಾಯಿಂದ ಕೆಂಪು ರಸ ಇಳಿಯಬೇಕಿತ್ತು. "ಇವತ್ತು ಏಕಾದಶಿ. ನೀರು ಬಿಟ್ಟು ಎಂತದೂ ಬಾಯಿಗೆ ಹಾಕುದಿಲ್ಲ," ಎಂದರು ವನಜಕ್ಕ. "ಆಂಟಿ, ಬೀಟ್‌ರೂಟ್ ಹೈ, ವೆಜ್ ಹೈ!" ಎಂದಳು ಸ್ವಾತಿ. "ಏಕಾದಶಿ ದಿನ ಮನುಷ್ಯರನ್ನು ತಿನ್ನುದು ಬೇಡ ಮಗಾ. ನಾಳೆ ದ್ವಾದಶಿ, ನಾಳೆ ತಿಂತೇನೆ." ಕ್ಯಾಮೆರಾ ಅಂದೇ ಹಿಂತಿರುಗಿಸಬೇಕಿತ್ತು. ಸ್ವಾತಿ ನನ್ನ ಬಾಗಿಲಿಗೆ ಓಡಿ ಬಂದಳು. ನಾನು ಜೋಳದ ಹಿಟ್ಟಿನ ಡಬ್ಬಿ ತೆಗೆದು ತಲೆಯ ಮೇಲೆ ಸುರಿದುಕೊಂಡೆ. ಎರಡು ದಿನದ ರೊಟ್ಟಿ ಹೋಯಿತು, ಹೋಗಲಿ. ಮೂವರು ಹುಡುಗಿಯರನ್ನೂ ಒಂದೇ ಏಟಿಗೆ ನುಂಗಿದೆ. ಅಭಿನಯ ಗಿಭಿನಯ ಏನೂ ಮಾಡಲಿಲ್ಲ. ವನಜಕ್ಕನ ಕೂದಲು ನೆನೆಸಿಕೊಂಡೆ, ಅಷ್ಟೇ.

ಭಾನುವಾರ ಸೊಸೈಟಿಯ ಹಾಲಿನಲ್ಲಿ ಸಿನೆಮಾ ತೋರಿಸಿದರು. ಮೊದಲಿನಿಂದ ಕೊನೆಯವರೆಗೆ ದೆವ್ವದ ಮುಖದ ಮೇಲೆ ಕೂದಲು. ಜಪಾನಿ ಪದ್ಧತಿಯಂತೆ. ಕೊನೆಗೆ ಬಂದ ಹೆಸರುಗಳಲ್ಲಿ ಸ್ವಾತಿ ಪ್ರೀತಿಯಿಂದ ಬರೀ 'ಅಜ್ಜಿ' ಎಂದು ಹಾಕಿದ್ದಳು. ಬಿಲ್ಡಿಂಗಿನ ಮುದುಕಿಯರೆಲ್ಲ ಅಜ್ಜಿಯರೇ. ದೀಪ ಹತ್ತಿದ್ದೇ ಕೆಳಮನೆಯ ಶಾಲಿನಿತಾಯಿ ವನಜಕ್ಕನ ಕೈ ಹಿಡಿದು, "ಕಾಯ್ ಮಸ್ತ್ ಕಾಮ್ ಕೇಲಂತ, ವಹಿನಿ!" ಎಂದು ಮರಾಠಿಯಲ್ಲಿ ಅಭಿನಯ ಹೊಗಳಿ ಕುಲುಕಿದಳು. ವನಜಕ್ಕ ಅಲ್ಲ ಎನ್ನಲಿಲ್ಲ. "ಎಲ್ಲ ಕೃಷ್ಣನ ದಯೆ," ಎಂದರು. ನಾನು ಸೆರಗು ಸರಿಸಿ ಮುಂಗೈ ಮೇಲಿನ ಹಚ್ಚೆ ತೋರಿಸಿ, ದೆವ್ವದ ಕೈ ಮೇಲೆ ಇದೇ ಹಚ್ಚೆ ಇರಲಿಲ್ಲವೇ ಎಂದು ನನ್ನ ಹರಕು ಮರಾಠಿಯಲ್ಲಿ ಕೇಳಿದೆ. ಶಾಲಿನಿತಾಯಿ ಬಗ್ಗಿ ನೋಡಿ, "ಅಯ್ಯಾ, ಹುಡುಗಿಯರು ನಿಮ್ಮದನ್ನು ನೋಡಿಯೇ ಇವರ ಕೈ ಮೇಲೆ ಬರೆದರೇ? ಮೇಕಪ್ ಚೆನ್ನಾಗಿತ್ತು," ಎಂದಳು.

ಅಂದಿನಿಂದ ನಾನು ತಲೆಗೆ ಬಣ್ಣ ಹಚ್ಚಿಲ್ಲ. ಕೂದಲು ಬೆಳ್ಳಗಾಗಿದೆ, ಉದ್ದವೂ ಆಗುತ್ತಿದೆ. ಆ ಕಪಾಟಿನ ಮುದುಕಿಗೆ ಕಾರಣವಿರಲಿಲ್ಲ ಎಂದಳಲ್ಲ ಸ್ವಾತಿ. ಪಾಪ, ಆ ಮುದುಕಿಯ ಎದುರುಮನೆಯಲ್ಲಿ ಯಾರಿದ್ದರು ಎಂದು ಯಾರೂ ಕೇಳಿರಲಿಕ್ಕಿಲ್ಲ.