ಹೊಲಿದ ದೋಣಿಯಲ್ಲಿ ನಾನು

ಅರ್ಥವಾಗದಿದ್ದರೂ ತಲೆಯಾಡಿಸುವ ಅಭ್ಯಾಸ ಎಷ್ಟು ಅಪಾಯಕಾರಿ ಎಂಬುದು ನನಗೆ ತಿಳಿದದ್ದು ಅರಬ್ಬೀ ಸಮುದ್ರದಲ್ಲಿ. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ನೆಮ್ಮದಿಯಾಗಿದ್ದ ನನ್ನನ್ನು ಅಲ್ಲಿಯವರೆಗೆ ಎಳೆದೊಯ್ದವರು ನನ್ನ ಹೆಂಡತಿ ವಿಮಲಾಳ ಅಣ್ಣ, ಅಂದರೆ ನಮ್ಮ ಸದಾನಂದ ಭಾವ. ಹೊನ್ನಾವರದ ಕಡೆಯವರು, ಇಲ್ಲಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ನೂರಾರು ವರ್ಷಗಳ ಹಿಂದೆ ತಮ್ಮೂರಿನ ಜನ ಮೆಣಸು ತುಂಬಿಕೊಂಡು ಅರಬರ ನಾಡಿಗೆ ಹೋಗುತ್ತಿದ್ದಂಥ ದೋಣಿಯನ್ನು ಮತ್ತೆ ಕಟ್ಟಿ, ಅದೇ ಊರಿನ ನೀರಿಗಿಳಿಸಬೇಕೆಂಬುದು ಅವರ ಆಸೆ. ಕಟ್ಟಲು ಗೆಳೆಯರೊಬ್ಬರ ಶೆಡ್ಡು ಸಿಕ್ಕಿದ್ದು ಮಾತ್ರ ಇಲ್ಲೇ ಬೆಂಗಳೂರಿನ ಅಂಚಿನ ತಲಘಟ್ಟಪುರದಲ್ಲಿ.

"ಇದ್ರಲ್ಲಿ ಒಂದು ಮೊಳೇನೂ ಇರಲ್ಲ. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯೋದು, ಗೊತ್ತಾಯ್ತಾ?" ಎಂದರು ಭಾವ. ತಲೆಯಾಡಿಸಿದೆ. ಹೊಲಿಗೆಯಲ್ಲಿ ನನಗೆ ಗೊತ್ತಿದ್ದುದು ಅಂಗಿಯ ಗುಂಡಿಯೊಂದೇ. ಅದನ್ನೂ ಹೊಲಿಯುವವಳು ವಿಮಲಾ. ಭಾನುವಾರಗಳಂದು ಹಗ್ಗ ಜಗ್ಗಿ ಹಿಡಿಯುವ ಕೆಲಸ ನನಗೆ ಬಿತ್ತು. ಅವರು "ಮುಂದಕ್ಕೆ ಬನ್ನಿ" ಎಂದಾಗಲೆಲ್ಲ ನಾನು ಹಿಂದಕ್ಕೆ ಹೋಗುತ್ತಿದ್ದೆ. ದೋಣಿಯ ಎರಡು ತುದಿಯೂ ಚೂಪಾಗಿದ್ದರೆ ಯಾರು ತಾನೇ ಏನು ಮಾಡಬೇಕು? ದಾರಿಹೋಕರೊಬ್ಬರು ಇಣುಕಿ, "ಏನ್ ಅಂಕಲ್, ಮಳೆ ಬಂದ್ರೆ ಲೇಔಟ್ ಮುಳುಗುತ್ತೆ ಅಂತ ಈಗಲೇ ರೆಡಿ ಆಗ್ತಿದೀರಾ?" ಎಂದು ಕೇಳಿದರು. ಅವರಿಗೂ ತಲೆಯಾಡಿಸಿದೆ.

ಕೊನೆಗೆ ದೋಣಿ ಲಾರಿಯೇರಿ ಹೊನ್ನಾವರ ಸೇರಿತು. ನದಿ ಕಡಲು ಕೂಡುವಲ್ಲಿ ಇಳಿಸಿದ ಸ್ವಲ್ಪ ಹೊತ್ತಿಗೆಲ್ಲ ಹೊಲಿಗೆಯ ಸಂದುಸಂದಿನಿಂದ ನೀರು ಒಳಗೆ ಬಂತು. ಕೇಕೆ ಹಾಕುತ್ತಿದ್ದ ಊರವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಭಾವ ಮೊಣಕಾಲುದ್ದ ನೀರಿನಲ್ಲಿ ಹಲಗೆ ಹಿಡಿದು ನಿಂತೇ ಇದ್ದರು.

"ಸಾಕಣ್ಣ, ಮೇಲೆ ಎಳೆಸಿಬಿಡು," ಎಂದಳು ವಿಮಲಾ, ಅಳುವುದೊಂದು ಬಾಕಿ.

"ಬೇಡ. ಮರ ಒಣಗಿದೆ ಅಷ್ಟೆ. ನೀರು ಕುಡಿದು ಉಬ್ಬಿದ್ರೆ ಸಂದು ಮುಚ್ಕೊಳ್ಳುತ್ತೆ. ಅಲ್ವಾ?" ಎಂದು ಭಾವ ನನ್ನತ್ತ ನೋಡಿದರು. ಸೋರುವುದಕ್ಕೆ ಇನ್ನಷ್ಟು ನೀರೇ ಮದ್ದು ಎಂಬುದು ಯಾವ ನ್ಯಾಯವೋ ತಿಳಿಯಲಿಲ್ಲ. ಆದರೆ ಅವರ ಮುಖ ನೋಡಲಾಗದೆ ಜೋರಾಗಿ ತಲೆಯಾಡಿಸಿದೆ.

"ನಂಬಿಕೆ ಇರೋರು ನೀವೊಬ್ರೇ. ನಾಳೆ ನನ್ ಜೊತೆ ಮೊದಲು ನೀವೇ ಕೂತ್ಕೋಬೇಕು," ಎಂದುಬಿಟ್ಟರು.

ಮರುದಿನ ನೀರೆಲ್ಲ ಎತ್ತಿ ಚೆಲ್ಲಿ ಕಾದು ನೋಡಿದರೆ, ಒಂದು ಹನಿಯೂ ಒಳಗೆ ಬರಲಿಲ್ಲ! ನಾನು ಕಣ್ಣು ಮುಚ್ಚಿ ಕುಳಿತೆ. ತೆರೆದಾಗ ದಡ ದೂರವಾಗಿತ್ತು. ಭಾವ ಚುಕ್ಕಾಣಿ ಹಿಡಿದು ಮಗುವಿನಂತೆ ಅಳುತ್ತಿದ್ದರು. ನನಗೂ ಗಂಟಲಿಗೆ ಏನೋ ಬಂದಂತಾಯಿತು. ಅದು ಅಭಿಮಾನವೋ ಬೆಳಗಿನ ಇಡ್ಲಿಯೋ, ಇಂದಿಗೂ ಹೇಳಲಾರೆ.

ಈಗ ನಮ್ಮ ಪಾರ್ಕಿನ ಬೆಂಚಿನಲ್ಲಿ ಕಡಲಿನ ವಿಷಯಕ್ಕೆಲ್ಲ ನಾನೇ ಪಂಡಿತ. ಮೊನ್ನೆ ಪಕ್ಕದ ಮನೆಯವರು, "ಸಾರ್, ಆ ಕಾಲ್ದಲ್ಲಿ ಈ ದೋಣಿಗಳು ಯಾವ ಕಡೆ ಹೋಗ್ತಿದ್ವು?" ಎಂದರು. "ಪಶ್ಚಿಮಕ್ಕೆ," ಎಂದು ಗಂಭೀರವಾಗಿ ಕೈ ಚಾಚಿದೆ. ಪಕ್ಕದಲ್ಲಿದ್ದ ವಿಮಲಾ ನನ್ನ ಕೈಯನ್ನು ಸೂರ್ಯ ಹುಟ್ಟುವ ಜಯನಗರದ ಕಡೆಯಿಂದ ಹೊಸಕೆರೆಹಳ್ಳಿಯ ಕಡೆಗೆ ತಿರುಗಿಸಿದಳು.