ಬೀರುವಿನ ಬೀಗ ಮತ್ತು ಬಾದಾಮಿ ಬಿಸ್ಕತ್ತು

ಕಂಡಕ್ಟರನ ತಲೆ ಕೆಡಿಸಿದ್ದು ಯಾರೋ ಪ್ರಯಾಣಿಕರು ಬಸ್ಸಿನ ಕೊನೆಯ ಸೀಟಿನಲ್ಲಿ ಬಿಟ್ಟುಹೋದ ಒಂದು ವಾರಪತ್ರಿಕೆ. ‘ಸಕ್ಕರೆ ಇಲ್ಲ, ಮೈದಾ ಇಲ್ಲ, ಆದರೂ ಸಿಹಿ: ಇಟಲಿಯ ಬಾದಾಮಿ ಬಿಸ್ಕತ್ತು’ ಎಂದು ಅದರ ನಡುವಿನ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸಕ್ಕರೆ ಕಾಯಿಲೆಯವನ ಕಣ್ಣಿಗೆ ಇಂಥದ್ದು ಬಿದ್ದರೆ ಸುಮ್ಮನಿರುತ್ತಾನೆಯೇ? ಪುಟ ಹರಿದು ಜೇಬಿಗಿಟ್ಟುಕೊಂಡ.

ಆರು ತಿಂಗಳಿಂದ ಅವನ ಮನೆಯ ಸಕ್ಕರೆ ಡಬ್ಬಿ ಉಕ್ಕಿನ ಬೀರುವಿನಲ್ಲಿ ಬಂದಿಯಾಗಿತ್ತು. ಬೀಗದಕೈ ಹೆಂಡತಿಯ ಸೊಂಟದಲ್ಲಿ. ಬೆಳಗಿನ ಚಹಾಕ್ಕೆ ಒಂದೇ ಒಂದು ಚಮಚ ಕೊಡೆಂದು ಅವನು ಬೇಡಿಕೊಂಡದ್ದೇನು, ಮುನಿಸಿಕೊಂಡು ಊಟ ಬಿಟ್ಟದ್ದೇನು, ಅವಳು ಮಧ್ಯಾಹ್ನ ಮಲಗಿದ್ದಾಗ ಹೇರ್‌ಪಿನ್ನಿನಿಂದ ಬೀಗ ತಿರುವಲು ಹೋಗಿ ಪಿನ್ನನ್ನು ಅದರೊಳಗೇ ಮುರಿದದ್ದೇನು! ಅಷ್ಟೆಲ್ಲ ಪಾಡುಪಟ್ಟದ್ದಕ್ಕೆ ಬೀರುವಿಗೆ ಮೊದಲಿಗಿಂತ ಗಟ್ಟಿಯಾದ ಬೀಗ ಬಂತು. ಬಸ್ ನಿಲ್ದಾಣದ ಚಹಾದಂಗಡಿಯವನಿಗೂ ಅವಳು ಖುದ್ದಾಗಿ ಹೋಗಿ ಹೇಳಿ ಬಂದಿದ್ದಳು.

ರಜೆಯ ದಿನ ಬೆಳಗ್ಗೆ ಅವನು ಪುಟವನ್ನು ಹೆಂಡತಿಯ ಮುಂದೆ ಹಿಡಿದ.

“ನೋಡೇ, ನನಗೆ ಸಕ್ಕರೆ ಆಸೆ ಏನಿಲ್ಲ. ಇದು ಮಾನದ ಪ್ರಶ್ನೆ. ನನ್ನ ಮನೇಲೇ ನಾನು ಕಳ್ಳ ಆಗ್ಬಿಟ್ಟಿದೀನಿ.”

“ಆಯ್ತು ರೀ,” ಎಂದಳು ಅವಳು. “ಇದನ್ನ ನೀವೇ ಕೈಯಾರೆ ಮಾಡಿ, ನಾಲ್ಕು ತಿನ್ನಿ. ಎರಡು ಗಂಟೆ ಬಿಟ್ಟು ನರ್ಸಮ್ಮ ಶುಗರ್ ನೋಡ್ಲಿ. ನೂರೈವತ್ತು ದಾಟದೇ ಇದ್ರೆ ನಿಮ್ಮ ನಾಲಿಗೆ ನಿಮ್ಮ ಹಿಡಿತದಲ್ಲಿದೆ ಅಂತ ಒಪ್ಕೋತೀನಿ. ಬೀಗದಕೈ ನಿಮ್ಮದು.”

“ದಾಟಿದ್ರೆ?”

“ಈ ಜನ್ಮದಲ್ಲಿ ಸಕ್ಕರೆ ಅನ್ನೋ ಮಾತು ಎತ್ತೋ ಹಾಗಿಲ್ಲ.”

ಕಂಡಕ್ಟರ್ ಮೀಸೆ ತಿರುವಿ ಅಡುಗೆಮನೆಗೆ ನುಗ್ಗಿದ. ಎದುರು ಮನೆಯ ನರ್ಸಮ್ಮ ತನ್ನ ಪುಟ್ಟ ಓವನ್ ಹೊತ್ತು ತಂದಳು. ಜೊತೆಗೆ ಹೊರಲಾರದಷ್ಟು ಬುದ್ಧಿಮಾತನ್ನೂ ತಂದಳು. ಮೊಟ್ಟೆಯ ಬಿಳಿಯನ್ನು ನೊರೆಬರುವಂತೆ ಕಡೆಯಬೇಕು, ಬಟ್ಟಲು ಬೋರಲು ಹಾಕಿದರೂ ಬೀಳಬಾರದು ಎಂದು ಪತ್ರಿಕೆ ಹೇಳಿತ್ತು. ಅವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಐದು ನಿಮಿಷಕ್ಕೇ ಬಟ್ಟಲನ್ನು ಬೋರಲು ಹಾಕಿ ನೋಡಿದ. ಮೂರು ಮೊಟ್ಟೆಯ ಬಿಳಿ ಅವನ ಪಾದದ ಮೇಲೆ ಧೊಪ್ಪೆಂದು ಬಿತ್ತು.

“ಇನ್ನೂ ಸ್ಟಾಪ್ ಬಂದಿರ್ಲಿಲ್ಲ ಕಂಡಕ್ಟ್ರೇ, ಆಗಲೇ ಇಳಿಸ್ಬಿಟ್ರಲ್ಲ!” ಎಂದು ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡನೆಯ ಸಲ ತೋಳು ಬಿದ್ದುಹೋಗುವಷ್ಟು ಕಡೆದ. ಆ ಸದ್ದಿಗೆ ಮೇಲಿನ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ಇಳಿದು ಬಂದರು. ಬಾದಾಮಿ ಪುಡಿ, ನಿಂಬೆಸಿಪ್ಪೆಯ ತುರಿ, ಔಷಧಿ ಅಂಗಡಿಯ ಸಿಹಿಪುಡಿ ಎಲ್ಲ ಸೇರಿ ಉಂಡೆಗಳಾಗಿ ಓವನ್ನಿನೊಳಗೆ ಕೂತವು. ಮೇಷ್ಟ್ರು ಅದರ ಮುಂದೆ ಕುರ್ಚಿ ಹಾಕಿಕೊಂಡು, ಪರೀಕ್ಷಾ ಕೊಠಡಿಯಲ್ಲಿದ್ದಂತೆ, “ಇನ್ನು ಹತ್ತೇ ನಿಮಿಷ… ಇನ್ನು ಐದೇ ನಿಮಿಷ…” ಎಂದು ಕೂಗತೊಡಗಿದರು.

ಬಿಸ್ಕತ್ತು ಹೊರಗೆ ಬಂದಾಗ ಮೇಲೆ ಬಿರುಕು, ಒಳಗೆ ಮೆತ್ತಗೆ, ಮನೆಯೆಲ್ಲ ಬಾದಾಮಿಯ ಘಮ. ಕಂಡಕ್ಟರ್ ಒಂದನ್ನು ಬಾಯಿಗಿಟ್ಟುಕೊಂಡ. ಸಿಹಿ! ಆರು ತಿಂಗಳಾದ ಮೇಲೆ ಸಿಹಿ! ಅವನ ಕಣ್ಣಲ್ಲಿ ನೀರೇ ಬಂತು. ನಾಲ್ಕನ್ನೂ ಒಂದೊಂದಾಗಿ ಚಪ್ಪರಿಸಿ ತಿಂದು ಗಡಿಯಾರದ ಎದುರು ಕೂತ.

ಎರಡು ಗಂಟೆ ತುಂಬಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಮೇಷ್ಟ್ರು ಮೇಲಿಂದ ಒಂದು ಬಾಟಲಿ ತಂದರು.

“ಚೆನ್ನಾಗೇನೋ ಇದೆ ಕಣಯ್ಯ. ಆದ್ರೆ ಮೇಲೆ ಒಂದು ತೊಟ್ಟು ಜೇನುತುಪ್ಪ ಬಿದ್ರೆ ಸ್ವರ್ಗ. ಜೇನು ಏನು ಸಕ್ಕರೆ ಅಲ್ಲವಲ್ಲ!”

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ಮೇಷ್ಟ್ರೇ! ನನ್ನ ತಟ್ಟೆ ಹತ್ರ ಅದನ್ನ ತರ್ಬೇಡಿ!”

ಮೇಷ್ಟ್ರು ಬಾಗಿದರು, ಕಂಡಕ್ಟರ್ ಬಾಟಲಿ ಕಸಿದ, ಅವರು ಎಳೆದರು, ಇವನು ಜಗ್ಗಿದ. ಕೊನೆಗೆ ಒಂದು ತೊಟ್ಟೂ ತಟ್ಟೆಗೆ ಬೀಳದಂತೆ ಮುಚ್ಚಳ ಬಿಗಿದು, ಕೈಯನ್ನು ಟವೆಲ್ಲಿಗೆ ಒರೆಸಿಕೊಂಡ. ಗೆದ್ದೆ ಎಂದುಕೊಂಡ ಪಾಪ.

ನರ್ಸಮ್ಮ ಶುಗರ್ ನೋಡುವ ಮಿಷನ್ ತೆಗೆದಳು. “ಕೈ ತೊಳೆದ್ರಾ?”

“ಬೆಳಗ್ಗಿಂದ ತೊಳೀತಾನೇ ಇದೀನಲ್ಲಮ್ಮ!”

ಬೆರಳಿಗೆ ಸೂಜಿ ಚುಚ್ಚಿದಳು. ಮಿಷನ್ ಕೀಂಯ್ ಎಂದಿತು. ಮುನ್ನೂರ ಎಂಬತ್ತೆಂಟು!

ಹೆಂಡತಿ ಕುರ್ಚಿಯಿಂದ ಎದ್ದಳು.

“ಎಲ್ಲಿಂದ ಕದ್ರಿ? ನಿಜ ಹೇಳಿ!”

“ನಿನ್ನಾಣೆ ಕಣೇ, ಒಂದು ಹರಳು ಸಕ್ಕರೆ ಮುಟ್ಟಿಲ್ಲ!”

“ಆಣೆ ಇಡೋಕೆ ನಾನೇ ಬೇಕಾಗಿತ್ತಾ? ಮುನ್ನೂರ ಎಂಬತ್ತೆಂಟಂತೆ! ಮುನ್ನೂರ ಎಂಬತ್ತೆಂಟು!”

ಅವಳ ದನಿ ನಡುಗುತ್ತಿತ್ತು. ಅದು ಕೋಪವಲ್ಲ, ಭಯ ಎಂದು ಅವನಿಗೂ ಗೊತ್ತಾಯಿತು. ಅಷ್ಟರಲ್ಲಿ ನರ್ಸಮ್ಮ ಹಿಡಿದಿದ್ದ ಅವನ ಬೆರಳನ್ನು ಬಿಡಲು ಹೋದರೆ ಅವಳ ಕೈ ಅದಕ್ಕೆ ಅಂಟಿಕೊಂಡಿತು. ಆ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದಳು.

“ಮೇಷ್ಟ್ರೇ, ಆ ಬಾಟ್ಲಿ ಎಲ್ಲಿ?”

ಮೇಷ್ಟ್ರು ಬಾಟಲಿಯನ್ನು ಬೆನ್ನ ಹಿಂದೆ ಸರಿಸಿ ಸಣ್ಣಗೆ ಕೆಮ್ಮಿದರು.

“ರಕ್ತದ ಶುಗರ್ ಅಲ್ಲಮ್ಮ ಇದು, ಜೇನಿನ ಶುಗರ್!” ಎಂದು ನರ್ಸಮ್ಮ ತೀರ್ಪು ಕೊಟ್ಟಳು. “ಎರಡೂ ಕೈ ಸೋಪು ಹಾಕಿ ತೊಳ್ಕೊಂಡು ಬನ್ನಿ.”

ಕಂಡಕ್ಟರ್ ಮೊಣಕೈವರೆಗೂ ಮೂರು ಸಲ ತೊಳೆದುಕೊಂಡ. ಇನ್ನೊಂದು ಕೈ ಚಾಚಿ ಕಣ್ಣು ಮುಚ್ಚಿಕೊಂಡ. ಮಿಷನ್ ಮತ್ತೆ ಕೀಂಯ್ ಎಂದಿತು.

“ನೂರ ಮೂವತ್ತನಾಲ್ಕು!”

“ರೈಟ್, ರೈಟ್!” ಎಂದು ಕಂಡಕ್ಟರ್ ಕೂಗಿದ ಕೂಗಿಗೆ ಪಾತ್ರೆಗಳು ನಡುಗಿದವು. ಮೇಷ್ಟ್ರು ಚಪ್ಪಾಳೆ ತಟ್ಟಿದರು, ನರ್ಸಮ್ಮ ಅವನ ಬೆನ್ನು ತಟ್ಟಿದಳು. “ಫಸ್ಟ್ ಕ್ಲಾಸ್ ಕಣಯ್ಯ! ಇಡೀ ಕಟ್ಟಡಕ್ಕೆ ಗೊತ್ತಾಗ್ಬೇಕು!” ಎನ್ನುತ್ತ ಮೇಷ್ಟ್ರು ಉಳಿದ ಬಿಸ್ಕತ್ತನ್ನೆಲ್ಲ ತಟ್ಟೆಸಮೇತ ಎತ್ತಿಕೊಂಡು ಹಂಚಲು ಹೊರಟೇಬಿಟ್ಟರು.

ಹೆಂಡತಿ ನಿಟ್ಟುಸಿರು ಬಿಟ್ಟು, ಕಣ್ಣೊರೆಸಿಕೊಂಡು, ಸೊಂಟದಿಂದ ಬೀಗದಕೈ ತೆಗೆದು ಅವನ ಅಂಗೈಯಲ್ಲಿಟ್ಟಳು. ಅಷ್ಟು ಸುಲಭವಾಗಿ ಕೊಟ್ಟಾಳೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಎದೆಯುಬ್ಬಿಸಿ ನಡೆದು ಬೀರು ತೆರೆದ. ಡಬ್ಬಿ ಕೈಗೆ ಬಂತು. ಹತ್ತಿಯಷ್ಟು ಹಗುರ. ಮುಚ್ಚಳ ತೆಗೆದರೆ ಒಳಗೆ ಒಂದು ಇರುವೆಯೂ ಇಲ್ಲ.

“ಇದೇನೇ ಇದು! ಸಕ್ಕರೆ ಎಲ್ಲಿ?”

“ಡಾಕ್ಟ್ರು ಹೇಳಿದ ಸಂಜೇನೇ ನರ್ಸಮ್ಮನಿಗೆ ಕೊಟ್ಬಿಟ್ಟೆ.”

“ಹೂಂ, ನಮ್ಮನೇಲೇ ಇತ್ತು,” ಎಂದಳು ನರ್ಸಮ್ಮ. “ನಿಮ್ಮನೆಗೆ ಯಾರಾದ್ರೂ ಬಂದ್ರೆ ಎರಡು ಚಮಚ ಕಟ್ಟಿ ಕೊಡ್ತಿದ್ದೆ.”

“ಮತ್ತೆ ನಿನ್ನ ಚಹಾಕ್ಕೆ?” ಎಂದು ಅವನು ಹೆಂಡತಿಯತ್ತ ತಿರುಗಿದ.

“ನಾನೂ ಸಪ್ಪೆ ಚಹಾನೇ ಕುಡೀತಿರೋದು. ನೀವು ಕೇಳಿದ್ದು ಇವತ್ತೇ.”

ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಆದರೂ ಕೇಳದೆ ಇರಲಾಗಲಿಲ್ಲ. “ಖಾಲಿ ಡಬ್ಬಿಗೆ ಆರು ತಿಂಗಳು ಬೀಗ ಯಾಕೆ ಹಾಕಿದ್ದೆ ಮಾರಾಯ್ತಿ?”

“ಖಾಲಿ ಅಂತ ಗೊತ್ತಾಗಿದ್ರೆ ನೀವು ಅವತ್ತೇ ಒಂದು ಕಿಲೋ ತಂದು ಬಚ್ಚಿಡ್ತಿದ್ರಿ. ಬೀಗ ಇತ್ತಲ್ಲ, ಅದಕ್ಕೇ ಬೀರು ನೋಡ್ಕೊಂಡು ಸುಮ್ನೆ ಕೂತಿದ್ರಿ.”

ಕಂಡಕ್ಟರ್ ಒಂದು ಕೈಯಲ್ಲಿ ಬೀಗದಕೈ, ಇನ್ನೊಂದರಲ್ಲಿ ಡಬ್ಬಿ ಹಿಡಿದು ನಿಂತೇ ಇದ್ದ. ಹೊರಗೆ ಮೆಟ್ಟಿಲ ಮೇಲೆ ಮೇಷ್ಟ್ರು ಕೊನೆಯ ಬಿಸ್ಕತ್ತನ್ನು ಯಾರಿಗೋ ಕೊಡುತ್ತ, ಅವನ ಗೆಲುವಿನ ಸುದ್ದಿಯನ್ನು ಮೂರನೆಯ ಮಹಡಿಗೂ ಕೇಳುವಂತೆ ಸಾರುತ್ತಿದ್ದರು.